ಸಂಘಮಿತ್ರಾ ಕಟ್ಟಿದ ಜೋಡು ಜೋಕಾಲಿ

ನನ್ನ ಮೊಮ್ಮಗಳು ಸಂಘಮಿತ್ರಾ ಬಸ್ಸು ಹತ್ತಿದಳೆಂದರೆ ಬಸ್ಸಿನಲ್ಲಿದ್ದವರೆಲ್ಲ ಮೊದಲೇ ಕಿಟಕಿ ತೆಗೆದಿಡುತ್ತಿದ್ದರು. ಸವಳಂಗದಿಂದ ನ್ಯಾಮತಿ ಏನು ಮಹಾ ದೂರ? ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರೆ ಅದು ಕೆಂಪಾಗುವಷ್ಟರಲ್ಲಿ ಊರು ಬರುತ್ತದೆ. ಅಷ್ಟರೊಳಗೇ ಇವಳು ಮುಖ ಬಿಳಿಚಿಕೊಂಡು, ನನ್ನ ಸೆರಗು ಜಗ್ಗಿ, "ಅಜ್ಜಿ, ಬಂತು" ಅನ್ನುತ್ತಿದ್ದಳು. ಬಂದದ್ದು ಊರಲ್ಲ, ವಾಂತಿ. ಕಂಡಕ್ಟರ್ ದುರುಗಣ್ಣ ಟಿಕೆಟ್ ಹರಿಯುವ ಮೊದಲು ಇವಳ ಕೈಗೆ ಒಂದು ಪ್ಲಾಸ್ಟಿಕ್ ಕವರ್ ಕೊಡುತ್ತಿದ್ದ.

"ಅಂಜಿನಮ್ಮಾರೆ, ನಿಮ್ ಮೊಮ್ಮಗಳಿಗೆ ಟಿಕೆಟ್ ಹಾಫು, ಕವರ್ ಮಾತ್ರ ಫುಲ್ಲು ನೋಡ್ರಿ!"

ಬಸ್ಸಿಗೆ ಬಸ್ಸೇ ನಗುತ್ತಿತ್ತು. ಅವಳೂ ಕವರಿನೊಳಗೆ ಮುಖ ಇಟ್ಟುಕೊಂಡೇ ನಗುತ್ತಿದ್ದಳು.

ಅಂಥ ಹುಡುಗಿ ಬೆಳೆದು ದೊಡ್ಡವಳಾಗಿ ಜೋಕಾಲಿ ಕಟ್ಟುವ ಕೆಲಸ ಹಿಡಿದಳು. ಪಂಚಮಿ ಹಬ್ಬಕ್ಕೆ ಊರ ಹುಡುಗಿಯರೆಲ್ಲ ಜೋಕಾಲಿ ಜೀಕುವಾಗ ಇವಳು ದೂರದ ಕಟ್ಟೆಯ ಮೇಲೆ ಕೂತು, ಬೇರೆಯವರು ತೂಗುವುದನ್ನು ನೋಡಿಯೇ ತಲೆ ಸುತ್ತಿಸಿಕೊಳ್ಳುತ್ತಿದ್ದವಳು. ಹತ್ತಿದವಳೇ ಅಲ್ಲ. ಆಸೆ ಮಾತ್ರ ಹೊಟ್ಟೆ ತುಂಬ ಇತ್ತು ಅಂತ ಕಾಣುತ್ತದೆ.

ಅವಳು ಕಟ್ಟಿದ್ದು ಮರಕ್ಕೆ ಕಟ್ಟುವ ಜೋಕಾಲಿಯಲ್ಲ. ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಡಬ್ಬಿ ಬಂದಿದೆಯಲ್ಲ, ಹೆಡ್‌ಸೆಟ್ ಅನ್ನುತ್ತಾರೆ, ಅದರೊಳಗಿನ ಜೋಕಾಲಿ. ಅದನ್ನು ಹಾಕಿಕೊಂಡರೆ ನಮ್ಮ ಮನೆಯ ಪಡಸಾಲೆ ಮಾಯವಾಗಿ ದೊಡ್ಡ ಅಂಗಳ, ಅದರ ನಡುವೆ ಹುಣಸೆಮರ, ಕೊಂಬೆಗೆ ತೂಗುವ ಹಗ್ಗ ಕಾಣುತ್ತವೆ. ಎರಡೂ ಕೈಗೆ ಒಂದೊಂದು ಹಿಡಿ ಕೊಡುತ್ತಾರೆ. ನಾವು ಕೈ ಎತ್ತಿದರೆ ಒಳಗಿರುವ ಗೊಂಬೆಯೂ ಕೈ ಎತ್ತುತ್ತದೆ. ಇನ್ನೂ ಮಜಾ ಏನೆಂದರೆ, ಹೊನ್ನಾಳಿಯವಳು ಹೊನ್ನಾಳಿಯಲ್ಲೇ ಕೂತು, ಚನ್ನಗಿರಿಯವಳು ಚನ್ನಗಿರಿಯಲ್ಲೇ ಕೂತು ಹಾಕಿಕೊಂಡರೂ ಎಲ್ಲರೂ ಬಂದು ಅದೇ ಮರದ ಕೆಳಗೆ ನಿಲ್ಲುತ್ತಾರೆ. ಮಾತಾಡಬಹುದು, ಆಡಬಹುದು, ಜಗಳವನ್ನೂ ಮಾಡಬಹುದು. ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗೆ ತಿಳಿದದ್ದು ಇಷ್ಟು.

ಬಸ್ಸಿನಲ್ಲಿ ವಾಂತಿ ಮಾಡುವವಳಿಗೆ ಡಬ್ಬಿಯೊಳಗೆ ತಲೆ ಸುತ್ತದೇ ಇರುತ್ತದೆಯೇ? ಸುತ್ತುತ್ತಿತ್ತು. ಆದರೆ ಅದೇ ಅವಳಿಗೆ ಅನುಕೂಲವಾಯಿತು. ತನಗೆ ಹೊಟ್ಟೆ ತೊಳಸಿದ ಕಡೆಯೆಲ್ಲ ನಿಲ್ಲಿಸಿ, ಅಷ್ಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಅಲ್ಲಾಡದ ಒಂದು ವಸ್ತು ಕಣ್ಣ ಮುಂದಿದ್ದರೆ ತಲೆ ಅಷ್ಟಾಗಿ ಸುತ್ತುವುದಿಲ್ಲ ಎಂದು, ಮರದ ಆಚೆ ಒಂದು ಗುಡ್ಡವನ್ನು ನಿಲ್ಲಿಸಿದಳು. "ಅಜ್ಜಿ, ತೂಗುವಾಗ ಗುಡ್ಡ ನೋಡು" ಅನ್ನುತ್ತಿದ್ದಳು. ನೋಡಿದರೆ ಹೌದು, ಹಾಯೆನಿಸುತ್ತಿತ್ತು.

ಅವಳ ಅಪ್ಪ ಪರಮೇಶ, ನನ್ನ ಮಗ, ಲೈನ್‌ಮನ್. ಬುದ್ಧನ ದಾರಿ ಹಿಡಿದ ವರ್ಷವೇ ಮಗಳು ಹುಟ್ಟಿದಳೆಂದು ಆ ಹೆಸರಿಟ್ಟವನು. ಮಗಳ ಮೇಲೆ ಜೀವ, ಆದರೆ ಮಗಳ ಕೆಲಸದ ಮೇಲೆ ನಂಬಿಕೆ ಇಲ್ಲ. ಅವಳ ಜೋಕಾಲಿ ಕೊಳ್ಳಬಹುದೆಂದು ದಾವಣಗೆರೆಯ ಒಂದು ಕಂಪನಿ ಡಬ್ಬಿಗಳನ್ನು ಕೊಟ್ಟಿತ್ತು, ಇವನು ಮಾತ್ರ ಹೊನ್ನಾಳಿಯ ಒಂದು ಸೊಸೈಟಿಯಲ್ಲಿ ಕೌಂಟರ್ ಕೆಲಸಕ್ಕೆ ಮಾತಾಡಿಬಂದಿದ್ದ.

"ದಾವಣಗೆರೆ ಕಂಪನಿಯೋರು ಬಂದು ನೋಡಿ ಹೂಂ ಅಂದ್ರೆ ನಿನ್ ಜೋಕಾಲಿ. ಉಹೂಂ ಅಂದ್ರೆ ಆ ಡಬ್ಬಿ ವಾಪಸ್ ಕೊಟ್ಟು ಸೊಸೈಟಿಗೆ ಹೋಗಬೇಕು. ಆತಾ?"

"ಆತಪ್ಪ" ಎಂದಳು ಅವಳು, ದನಿಯೇ ಇಲ್ಲದೆ. ಸೊಸೈಟಿ ಎಂದರೆ ದಿನಾ ಹೋಗುವಾಗ ಬಸ್ಸು, ಬರುವಾಗ ಬಸ್ಸು. ದುರುಗಣ್ಣನಿಗಂತೂ ಕವರಿನ ಕಟ್ಟೇ ಬೇಕಾಗುತ್ತಿತ್ತು.

ಕಂಪನಿಯವರು ಹೆಡ್‌ಸೆಟ್‌ಗಳನ್ನು ಕೊಡುವಾಗಲೇ ಹೇಳಿದ್ದರು: ಗುರುತಿಲ್ಲದವರು ಒಟ್ಟಿಗೆ ಬಂದು ಆಡಬೇಕು, ಆಡಿದವರಿಗೆ ಇನ್ನೂ ಬೇಕು ಅನ್ನಿಸಬೇಕು, ಯಾರೊಬ್ಬರೂ ಹೆದರಿ ಡಬ್ಬಿ ಕಿತ್ತಿಡಬಾರದು. ಪಂಚಮಿ ಕಳೆದ ಮೇಲೆ ಬಂದು ನೋಡುತ್ತೇವೆ ಎಂದಿದ್ದರು.

ಹೆದರುವುದು ಏನೆಂದು ಸಂಘಮಿತ್ರಾಳಿಗೆ ಗೊತ್ತಿತ್ತು. ಹೋದ ವರ್ಷ ಯಾರೋ ಮಾಡಿದ ಬೇರೆ ಆಟವೊಂದರ ಒಳಗೆ ಇವಳು ಹೋಗಿದ್ದಳು. ನಾನು ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದೆ. ಇದ್ದಕ್ಕಿದ್ದಂತೆ ಹಿಂದೆ ಹಿಂದೆ ಸರಿದು ಗೋಡೆಗೆ ಬಡಿದುಕೊಂಡಳು. ಡಬ್ಬಿ ಕಿತ್ತೆಸೆದಳು. ಒಳಗೆ ಯಾರೋ ಹುಡುಗರ ಹಿಂಡು ಇವಳನ್ನು ಸುತ್ತುವರಿದು, ಮೈಮೇಲೆ ಕೈ ಆಡಿಸುತ್ತ ಕಿವಿಯ ಹತ್ತಿರ ಅಸಹ್ಯದ ಮಾತು ಆಡಿದ್ದರಂತೆ.

"ಬರೀ ಗೊಂಬೆ ಅಲ್ಲೇನೇ, ಮುಟ್ಟಿದ್ರೆ ಏನಾಕೈತೆ?" ಎಂದೆ ನಾನು.

"ಅಜ್ಜಿ, ರಶ್ ಬಸ್ಸಿನಾಗೆ ಹಿಂದ್ಗಡೆ ಬಂದು ಒಬ್ಬ ನಿಂತಾಗ ಹೆಂಗಾಕೈತೆ? ಹಂಗೇ ಆಕೈತೆ. ಮೈಗೆ ಅದು ಗೊಂಬೆ ಅಂತ ಗೊತ್ತಾಗಲ್ಲ."

ನಾನು ಸೊಪ್ಪು ಅಲ್ಲೇ ಬಿಟ್ಟು ಅವಳ ಪಕ್ಕ ಹೋಗಿ ಕೂತೆ.

ಅದಕ್ಕೇ ತನ್ನ ಅಂಗಳದಲ್ಲಿ ಪ್ರತಿಯೊಬ್ಬರ ಸುತ್ತ ಒಂದು ಬಳೆ ಇಟ್ಟಳು. ತೋಳು ಚಾಚಿದಷ್ಟು ಅಗಲದ ಬಳೆ, ನೆಲದ ಮೇಲೆ ಸಣ್ಣಗೆ ಹೊಳೆಯುತ್ತದೆ. ಅದರೊಳಗೆ ಯಾರೂ ಕಾಲಿಡುವಂತಿಲ್ಲ, ಇಡಲು ಬಂದರೆ ಬಳೆಯೇ ಆಚೆ ತಳ್ಳುತ್ತದೆ. ಅದೂ ಸಾಲದೆಂದು, ಅಂಗೈ ಎತ್ತಿ ಎದುರಿನವರಿಗೆ ತೋರಿಸಿದರೆ ಅವರು ಅಂಗಳದಿಂದಲೇ ಮಾಯವಾಗಬೇಕು, ಅವರ ದನಿಯೂ ಕೇಳಬಾರದು ಎಂದು ಏರ್ಪಾಡು ಮಾಡಿದಳು. "ಈಗ ಯಾವನು ಬರ್ತಾನೋ ಬರಲಿ" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಬಂದವರು ಅಜ್ಜಮ್ಮ.

ಅಜ್ಜಮ್ಮ ಮೇಲಿನ ಬೀದಿಯವರು, ಮಲ್ಲೇಶಪ್ಪನವರ ಹೆಂಡತಿ, ನನ್ನ ವಯಸ್ಸಿನವರೇ. ದೊಡ್ಡ ಬಾಯಿ, ದೊಡ್ಡ ನಗು. ಮೊದಲ ದಿನದ ಪರೀಕ್ಷೆಗೆ ಸಂಘಮಿತ್ರಾ ಅವರನ್ನೂ ನನ್ನನ್ನೂ ಕೂರಿಸಿದಳು. ಹೊನ್ನಾಳಿಯಿಂದ ಅವಳ ಗೆಳತಿ ಅರುಣಾ ತನ್ನ ಹೆಡ್‌ಸೆಟ್‌ನಲ್ಲಿ ಬರುವವಳಿದ್ದಳು. ಅಜ್ಜಮ್ಮ ಡಬ್ಬಿಗೆ ಕೈಮುಗಿದು, ಚಪ್ಪಲಿ ಬಾಗಿಲಾಚೆ ಬಿಟ್ಟು, ತುರುಬಿನ ಹೂವು ತೆಗೆದು ನನ್ನ ಕೈಗೆ ಕೊಟ್ಟು, "ಕುಂಕುಮ ಅಳಿಸಬಾರದು ನೋಡು ತಾಯಿ" ಎಂದು ಎಚ್ಚರಿಕೆ ಕೊಟ್ಟು ಹಾಕಿಸಿಕೊಂಡರು.

ಒಳಗೆ ಹೋದ ತಕ್ಷಣ ಅರುಣಾ ಬಂದಳು. ಚಂದದ ಹುಡುಗಿ, ಹಿರಿಯರನ್ನು ಕಂಡು ಬಗ್ಗಿ ನಮಸ್ಕಾರ ಮಾಡಿದಳು. ಅಜ್ಜಮ್ಮನವರ ಕೈ ತನ್ನಷ್ಟಕ್ಕೆ ಮೇಲೆದ್ದಿತು. "ನೂರು ವರ್ಷ ಬಾಳಮ್ಮ" ಎಂದು ಅಂಗೈ ತೋರಿಸಿ ಆಶೀರ್ವಾದ ಮಾಡಿದರು.

ಅರುಣಾ ಮಾಯ.

"ಅಯ್ಯಯ್ಯೋ! ಏ ಅಂಜಿನಿ, ನೂರು ವರ್ಷ ಅಂದೆ ಕಣೆ, ಆ ಹುಡುಗಿ ಒಂದು ನಿಮಿಷಾನೂ ಉಳೀಲಿಲ್ಲ!"

ಹೊನ್ನಾಳಿಯಿಂದ ಅರುಣಾ ಫೋನ್ ಮಾಡಿ, "ಮಿತ್ರಾ, ಯಾರೇ ನನ್ನ ಹೊರಗೆ ಹಾಕಿದ್ದು? ಕಾಲಿಗೆ ಬಿದ್ದಿದ್ದೇ ತಪ್ಪಾತಾ?" ಎಂದು ಬೈದಳು. ಮತ್ತೆ ಒಳಗೆ ಬಂದಳು, ಮತ್ತೆ ಬಗ್ಗಿದಳು. ಅಜ್ಜಮ್ಮನವರ ಕೈ ಅಭ್ಯಾಸದ ಕೈ, ಮತ್ತೆ ಎದ್ದಿತು. ಮತ್ತೆ ಮಾಯ. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಸಂಘಮಿತ್ರಾ ಮಾತ್ರ ತಲೆ ಹಿಡಿದುಕೊಂಡು ಕೂತಳು. ಪುಂಡರಿಗೆಂದು ಇಟ್ಟ ಏರ್ಪಾಡು ನಮ್ಮ ಕಡೆಯ ಹಿರಿಯರ ಕೈಗೆ ಸಿಕ್ಕಿ, ಕಾಲಿಗೆ ಬಿದ್ದ ಮಕ್ಕಳನ್ನೆಲ್ಲ ಆಚೆ ಅಟ್ಟುತ್ತಿತ್ತು.

ಆಮೇಲೆ ಜೋಕಾಲಿ. ನಮ್ಮ ಕಡೆ ಪಂಚಮಿಯಲ್ಲಿ ಒಬ್ಬರೇ ತೂಗುವುದಕ್ಕಿಂತ ಜೋಡು ಜೋಕಾಲಿಗೇ ಹೆಚ್ಚು ಬೆಲೆ. ಒಂದೇ ಮಣೆಯ ಮೇಲೆ ಇಬ್ಬರು ಎದುರುಬದುರು ನಿಂತು, ಒಬ್ಬರಾದ ಮೇಲೆ ಒಬ್ಬರು ಬಗ್ಗಿ ಎದ್ದು ಜೀಕಬೇಕು. ಸಂಘಮಿತ್ರಾ ನಮ್ಮಂಥ ಮುದುಕಿಯರ ಮೊಣಕಾಲಿಗೆ ಕರುಣೆ ತೋರಿಸಿ, ಕುರ್ಚಿಯಲ್ಲಿ ಕೂತು ಸೊಂಟ ಬಗ್ಗಿಸಿದರೂ ಜೀಕಿದಂತಾಗುವ ಹಾಗೆ ಮಾಡಿದ್ದಳು. ಅಜ್ಜಮ್ಮ ಮಣೆ ಹತ್ತಿದರು. "ಬಾರೇ ಅಂಜಿನಿ, ಎದುರಿಗೆ ಬಾ" ಎಂದು ಕರೆದರು. ನಾನು ಹತ್ತಲು ಹೋದೆ. ಅವರ ಬಳೆ ನನ್ನನ್ನು ತಳ್ಳಿತು. ಮತ್ತೆ ಹೋದೆ. ಮತ್ತೆ ತಳ್ಳಿತು.

ನಾವು ಹುಡುಗಿಯರಾಗಿದ್ದಾಗ ನಮ್ಮ ಕೇರಿಯ ಜೋಕಾಲಿ ಬೇರೆ, ಮೇಲಿನ ಬೀದಿಯ ಜೋಕಾಲಿ ಬೇರೆ. ಅವರ ಮರದ ನೆರಳನ್ನೂ ನಾವು ತುಳಿಯುತ್ತಿರಲಿಲ್ಲ. ಅದು ನೆನಪಾಗಿ ಬಾಯಿಗೆ ಬಂದೇಬಿಟ್ಟಿತು.

"ಏನೇ ಮಿತ್ರಾ, ದೂರ ನಿಲ್ಲು ಅನ್ನೋದನ್ನ ಕಂಪ್ಯೂಟರಿಗೂ ಕಲಿಸಿಬಿಟ್ಯಲ್ಲೇ! ಯಾರೂ ಹೇಳೋರಿಲ್ಲ ಅಂತ ನಾವು ಆರಾಮಾಗಿದ್ವಿ."

ಅಜ್ಜಮ್ಮ ಡಬ್ಬಿ ಸರಿಸಿ ನನ್ನ ಮುಖ ನೋಡಿದರು. ಆಮೇಲೆ ಇಬ್ಬರಿಗೂ ನಗು ಬಂತು, ತಡೆಯಲಾರದ ನಗು. ಅಜ್ಜಮ್ಮನವರಿಗೆ ಕೆಮ್ಮೇ ಹತ್ತಿತು. ಆದರೆ ಸಂಘಮಿತ್ರಾ ನಗಲಿಲ್ಲ. ನನ್ನ ಮಾತು ಅವಳಿಗೆ ಎಲ್ಲೋ ಚುಚ್ಚಿತ್ತು. "ಕಾಯಾಕೆ ಅಂತ ಮಾಡಿದ್ದು ಅಜ್ಜಿ, ದೂರ ಇಡಾಕಲ್ಲ" ಎಂದು ಒಳಗೆ ಹೋದಳು.

ಮರುದಿನ ಮಣೆಯ ಮೇಲೆ ಮಾತ್ರ ಬಳೆ ಇಲ್ಲದಂತೆ ಮಾಡಿದಳು. ಅಬ್ಬಾ, ಅವತ್ತಿನ ಮಜಾ ಏನು ಹೇಳಲಿ! ನಾನೂ ಅಜ್ಜಮ್ಮನವರೂ ಒಂದೇ ಮಣೆಯ ಮೇಲೆ ನಿಂತು ಹುಣಸೆಮರದ ತುದಿ ಮುಟ್ಟುವಂತೆ ಜೀಕಿದೆವು. ಹೊಟ್ಟೆಯೊಳಗೆ ಚಿಟ್ಟೆ ಹಾರಿದ ಹಾಗೆ ಕಚಗುಳಿ. ಅಜ್ಜಮ್ಮ ಕುರ್ಚಿಯಲ್ಲಿ ಕೂತೇ "ಹೋಯ್! ಹೋಯ್!" ಎಂದು ಕೂಗಿದ್ದಕ್ಕೆ ಬೀದಿಯ ನಾಯಿಗಳೆಲ್ಲ ಬೊಗಳಿದವು.

ಅದೇ ಸಂಜೆ ಜಗಳೂರಿನಿಂದ ಬೆನಕಪ್ಪ ಎಂಬ ಹುಡುಗ ಒಳಗೆ ಬಂದ. ಅರುಣಾಳಿಗೆ ಗುರುತಿನವರ ಗುರುತು, ಅಷ್ಟೇ. ಅರುಣಾ ಒಬ್ಬಳೇ ತೂಗುತ್ತಿದ್ದಳು. ಅವನು ಕೇಳಲಿಲ್ಲ, ಹೇಳಲಿಲ್ಲ, ಛಂಗನೆ ಅವಳ ಮಣೆ ಹತ್ತಿ ಮೂಗಿಗೆ ಮೂಗು ತಾಗುವಂತೆ ನಿಂತು ಜೀಕತೊಡಗಿದ. ಅವಳು ಬೇಡ ಎಂದಷ್ಟೂ ಅವನಿಗೆ ಖುಷಿ. ಹೆದರಿಕೆಯಲ್ಲಿ ಅಂಗೈ ತೋರಿಸುವುದೂ ಅವಳಿಗೆ ನೆನಪಾಗಲಿಲ್ಲ. ಅರುಣಾ ಡಬ್ಬಿ ಕಿತ್ತಿಟ್ಟು ಫೋನಿನಲ್ಲಿ ಅಳುತ್ತ, "ಮಿತ್ರಾ, ನಿನ್ ಜೋಕಾಲಿಗೆ ಇನ್ಮೇಲೆ ನಾನು ಬರಲ್ಲ ಕಣೆ" ಎಂದಳು.

ಬಳೆ ಇದ್ದರೆ ಜೋಡಿ ಇಲ್ಲ. ಬಳೆ ತೆಗೆದರೆ ಅರುಣಾ ಇಲ್ಲ. ಕಂಪನಿಯವರು ಬರುವ ದಿನ ಹತ್ತಿರ ಬಂದಿತ್ತು. ಸಂಘಮಿತ್ರಾ ಊಟ ಬಿಟ್ಟಳು. ಪರಮೇಶ ಅವಳ ಸೊಸೈಟಿ ಕೆಲಸಕ್ಕೆಂದು ಹೊಸ ಟಿಫನ್ ಡಬ್ಬಿ ತಂದಿಟ್ಟ. ಅದನ್ನು ನೋಡಿ ಅವಳು ಇನ್ನೂ ಬಾಡಿದಳು.

ಪಂಚಮಿ ಬಂತು. ಮಲ್ಲೇಶಪ್ಪನವರ ಮನೆಯ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಬಿದ್ದಿತ್ತು. ಈಗ ಎಲ್ಲರೂ ಹೋಗುತ್ತಾರೆ, ನಮ್ಮ ಕೇರಿಯ ಮಕ್ಕಳೂ. ಸಂಘಮಿತ್ರಾ ಎಂದಿನಂತೆ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಅಜ್ಜಮ್ಮ ಸೀರೆ ಎತ್ತಿ ಕಟ್ಟಿ ಮಣೆ ಹತ್ತಿದರು. ಮೊಣಕಾಲು ನೋವು ಅವತ್ತು ಎಲ್ಲಿ ಹೋಗಿತ್ತೋ!

"ಬಾರೇ ಹುಡುಗಿ. ಸುಳ್ಳು ಜೋಕಾಲಿ ಕಟ್ಟೋಳು ಒಂದ್ಸಲ ನಿಜವಾದ್ದು ಹತ್ತು."

"ನಂಗೆ ವಾಂತಿ ಆಕೈತೆ ಅಜ್ಜಮ್ಮಾರೆ."

"ನನ್ ಮೇಲೆ ಮಾಡು ಹೋಗು, ಹಬ್ಬದ ಸೀರೆ ಹೆಂಗೂ ಒಗೀಬೇಕು."

ಎಲ್ಲರೂ ನಕ್ಕರು. ಅವಳಿಗೆ ರೋಷ ಬಂತೋ ಏನೋ, ಎದ್ದಳು. ಹತ್ತಿರ ಹೋಗಿ ನಿಂತಳು. ಆಗ ಅಜ್ಜಮ್ಮ ಹಗ್ಗದ ಮೇಲಿದ್ದ ಎರಡೂ ಕೈ ಸರ್ರನೆ ಕೆಳಗೆ ಜಾರಿಸಿ, ಮೇಲೆ ಇವಳಿಗೆ ಹಿಡಿಯಲು ಜಾಗ ಬಿಟ್ಟುಕೊಟ್ಟರು. ಸಂಘಮಿತ್ರಾ ಆ ಕೈಗಳನ್ನೇ ನೋಡುತ್ತ ಒಂದು ಗಳಿಗೆ ನಿಂತಳು. ಆಮೇಲೆ ಹಗ್ಗ ಹಿಡಿದು ಮೇಲೇರಿದಳು.

ಒಂದು ಜೀಕು, ಎರಡು ಜೀಕು. ಅಷ್ಟಕ್ಕೇ ಹುಡುಗಿ ಕಣ್ಣು ಮುಚ್ಚಿ, ಹಗ್ಗಗಳೆರಡನ್ನೂ ಎದೆಗೆ ಅವಚಿಕೊಂಡು ಗುಬ್ಬಿಯಂತೆ ಮುದುಡಿದಳು. ಬೇಡ ಅನ್ನಲೂ ಬಾಯಿ ಬರಲಿಲ್ಲ. ಅವಳು ಹಾಗೆ ಅವಚಿದ್ದೇ ತಡ, ಅಜ್ಜಮ್ಮ ಜೀಕುವುದನ್ನು ಬಿಟ್ಟರು. ಜೋಕಾಲಿ ತಾನಾಗಿ ತಣ್ಣಗಾಗಿ ನಿಂತಿತು. ಇಳಿದವಳು ಮರದ ಬುಡಕ್ಕೆ ಹೋಗಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಳ್ಳುತ್ತ ತಿರುಗಿದಾಗ ನೋಡಿದರೆ ಮುಖದ ತುಂಬ ನಗು!

"ಅಜ್ಜಿ! ನಾನು ನಿಲ್ಸಿ ಅನ್ನಲೇ ಇಲ್ಲ! ಕೈ ತಾನಾಗೇ ಎದೆಗೆ ಬಂತು!"

"ಹೆದರಿದ್ರೆ ಎಲ್ಲಾರಿಗೂ ಹಂಗೇ ಬರ್ತೈತಲ್ಲೇ, ಅದ್ರಾಗೇನೈತೆ?" ಎಂದೆ. ನನಗೆ ಏನೂ ಅರ್ಥವಾಗಲಿಲ್ಲ. ಅವಳು ಮಾತ್ರ ಮಂಡಕ್ಕಿ ಉಂಡೆಯನ್ನೂ ತಿನ್ನದೆ ಮನೆಗೆ ಓಡಿದಳು.

ಹಬ್ಬ ಕಳೆದ ಮೇಲೆ ಕಂಪನಿಯಿಂದ ಇಬ್ಬರು ಬಂದರು. ವಿನೋದ್ ಎಂಬ ಸಾಹೇಬರು, ಅವರ ಕೈಕೆಳಗಿನ ಆಶಾ ಎಂಬ ಹೆಣ್ಣುಮಗಳು. ಪರಮೇಶ ರಜೆ ಹಾಕಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಅರುಣಾ ಬರುವುದಿಲ್ಲ ಎಂದು ಹಟ ಹಿಡಿದವಳು, ಸಂಘಮಿತ್ರಾ ಅದೇನು ಹೇಳಿದಳೋ, ಕೊನೆಗೆ ಹೊನ್ನಾಳಿಯಿಂದ ಒಳಗೆ ಬಂದಳು. ಒಳಗಿರುವುದೆಲ್ಲ ಟಿವಿಯಲ್ಲಿ ಕಾಣುವಂತೆ ಮಾಡಿದ್ದರಿಂದ ನಾವು ಹೊರಗೆ ಕೂತವರೂ ನೋಡಬಹುದಿತ್ತು.

ಮೊದಲು ಆಶಾ ಒಳಗೆ ಹೋದಳು. ಅಲ್ಲಿ ಮೊದಲೇ ಬಂದಿದ್ದ ಅಜ್ಜಮ್ಮನವರನ್ನು ಕಂಡು ಬಗ್ಗಿ ನಮಸ್ಕರಿಸಿದಳು. ಅಜ್ಜಮ್ಮನವರ ಕೈ ಎದ್ದಿತು. ಹೋದಳು ಎಂದುಕೊಂಡೆ ನಾನು. ಆದರೆ ಆಶಾ ಅಲ್ಲೇ ಇದ್ದಳು! ಸಂಘಮಿತ್ರಾ ಅಂಗೈಯ ಏರ್ಪಾಡನ್ನೇ ಕಿತ್ತುಹಾಕಿದ್ದಳು. ಅರುಣಾ ತನ್ನ ಮಣೆಯ ಮೇಲೆ ಕೈ ಕೆಳಗೆ ಜಾರಿಸಿ ಆಶಾಳಿಗೆ ಜಾಗ ಬಿಟ್ಟಳು. ಮಣೆಯ ಮೇಲೂ ಮತ್ತೆ ಬಂದಿದ್ದ ಬಳೆ ಆಗ ತೆರೆಯಿತು. ಇಬ್ಬರೂ ಒಬ್ಬರನ್ನೊಬ್ಬರು ಹುಟ್ಟಿದ ಮೇಲೆ ನೋಡಿದವರಲ್ಲ, ಕಿಲಕಿಲ ಎನ್ನುತ್ತ ತೂಗಿದರು.

ಆಮೇಲೆ ವಿನೋದ್ ಸಾಹೇಬರು ಸಂಘಮಿತ್ರಾಳಿಗೆ, "ನಾನು ಬೇಕಂತಲೇ ಪುಂಡಾಟ ಮಾಡ್ತೀನಿ, ಏನಾಗುತ್ತೆ ನೋಡೋಣ" ಎಂದು ಹೇಳಿ ಡಬ್ಬಿ ಹಾಕಿಕೊಂಡರು. ಅಜ್ಜಮ್ಮನವರಿಗೆ ಇದು ಗೊತ್ತಿಲ್ಲ. ಅವರು ಒಬ್ಬರೇ ತೂಗುತ್ತಿದ್ದರು. ಸಾಹೇಬರು ನೆಗೆದರು. ಬಳೆ ತಳ್ಳಿತು. ಆ ಕಡೆಯಿಂದ ಬಂದರು, ಈ ಕಡೆಯಿಂದ ಬಂದರು. ಬಳೆ ತಳ್ಳುತ್ತಲೇ ಇತ್ತು, ಜೋಕಾಲಿ ತನ್ನ ಪಾಡಿಗೆ ಆಡುತ್ತಲೇ ಇತ್ತು.

"ಯಾವನಪ್ಪ ಇವನು, ಕರೀದೇ ಬರೋನು? ನಿನ್ ಹೆಸರೇನು? ಯಾರ ಮಗ?"

"ವಿನೋದ್ ಅಂತ..."

"ಹತ್ಲಾ ಅಜ್ಜಿ ಅಂತ ಕೇಳಾಕೆ ಬಾಯಿಲ್ವಾ?"

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಹತ್ಲಾ ಅಜ್ಜಿ?"

"ಇನ್ನೊಂದ್ಸಲ ಕೇಳು, ಜೋರಾಗಿ."

"ಹತ್ಲಾ ಅಜ್ಜೀ?"

ಆಶಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಜ್ಜಮ್ಮ ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸಿ, ಕೈ ಕೆಳಗೆ ಜಾರಿಸಿದರು. ಸಾಹೇಬರು ಹತ್ತಿದರು. ಅಜ್ಜಮ್ಮ ಜೀಕಿದರು ನೋಡಿ, ಏನು ಜೀಕು ಅದು! ಹುಣಸೆಮರ ಕೆಳಗೆ, ಆಕಾಶ ಮೇಲೆ. ಟಿವಿ ನೋಡುತ್ತಿದ್ದ ನಮಗೇ ಕಾಲು ಜುಮ್ಮೆಂದಿತು. ಸಾಹೇಬರು ಗಂಡಸು, ದೊಡ್ಡ ಕೆಲಸದವರು, ಬಾಯಿಬಿಟ್ಟು ಹೆದರಿಕೆ ಆಯಿತು ಅಂದಾರೆಯೇ? ಪಡಸಾಲೆಯ ನಡುವೆ ತುಟಿ ಬಿಗಿಹಿಡಿದು ನಿಂತಿದ್ದರು. ನೋಡನೋಡುತ್ತ ಅವರ ಎರಡೂ ಕೈ ಮೆಲ್ಲಗೆ ಎದೆಗೆ ಬಂದವು.

ಅಜ್ಜಮ್ಮ ಇನ್ನೂ ಸೊಂಟ ಬಗ್ಗಿಸಿ ಜೀಕುತ್ತಲೇ ಇದ್ದರು, ಆದರೆ ಜೋಕಾಲಿ ಅವರ ಮಾತು ಕೇಳಲಿಲ್ಲ. ಮೆಲ್ಲಗೆ, ಮಗುವಿನ ತೊಟ್ಟಿಲು ನಿಲ್ಲುವ ಹಾಗೆ ನಿಂತಿತು. ಸಾಹೇಬರನ್ನು ನೆಲದ ಮೇಲೆ ಇಳಿಸಿ, ಸುತ್ತ ಬಳೆ ಹಾಕಿತು.

"ಏ, ಇದ್ಯಾಕೆ ನಿಂತುಬಿಡ್ತು? ಈಗ ಕಾವು ಬರ್ತಿತ್ತು!" ಎಂದು ಅಜ್ಜಮ್ಮ ರೇಗಿದರು.

ವಿನೋದ್ ಡಬ್ಬಿ ತೆಗೆದರು. ಕೂದಲು ಕೆದರಿತ್ತು, ಹಣೆಯಲ್ಲಿ ಬೆವರು. ಗೋಡೆ ಹಿಡಿದುಕೊಂಡು ಸಂಘಮಿತ್ರಾಳ ಕಡೆ ನೋಡಿದರು.

"ನಾನು ನಿಲ್ಸು ಅಂತ ಎಲ್ಲೂ ಒತ್ತಲಿಲ್ಲವಲ್ಲಮ್ಮ."

"ಒತ್ತೋದು ಏನೂ ಇಲ್ಲ ಸರ್" ಎಂದಳು ಅವಳು. "ಹೆದರಿಕೆ ಆದಾಗ ಯಾವ ಗುಂಡಿ ಎಲ್ಲೈತೆ ಅಂತ ಯಾರಿಗೂ ನೆನಪಿರಲ್ಲ. ಕೈ ಎದೆಗೆ ಹೋಗ್ತದೆ. ಹೋಯ್ತು ಅಂದ್ರೆ ಎದುರಿಗಿರೋರು ಎಷ್ಟು ಜೀಕಿದ್ರೂ ನಡೆಯಲ್ಲ. ಹತ್ತಿಸಿಕೊಳ್ಳೋದು ಮಣೆ ಮೇಲಿರೋರ ಕೈಯಲ್ಲಿ, ಇಳಿಯೋದು ಹೆದರಿದೋರ ಕೈಯಲ್ಲಿ."

"ಇದನ್ನ ಎಲ್ಲಿ ಓದಿದೆ?"

"ವಾಂತಿ ಮಾಡಿಕೊಂಡು ಕಲಿತೆ ಸರ್."

ಪಡಸಾಲೆ ಗೊಳ್ಳೆಂದಿತು. ವಿನೋದ್ ಸಾಹೇಬರೂ ನಕ್ಕರು, ಆದರೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪರಮೇಶ ಬಾಗಿಲಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಅಷ್ಟರಲ್ಲಿ ಟಿವಿಯೊಳಗಿನಿಂದ, ಹೊನ್ನಾಳಿಯಿಂದ, ಅರುಣಾಳ ದನಿ ಬಂತು.

"ಮಿತ್ರಾ, ನಾನಿನ್ನೂ ಇಲ್ಲೇ ಇದೀನಿ ಕಣೆ. ಯಾರೂ ಇಲ್ವಾ? ಜೋಡಿಗೆ ಬರ್ರಿ ಯಾರಾದ್ರೂ!"

ಡಬ್ಬಿ ಕಿತ್ತಿಟ್ಟು ಅತ್ತಿದ್ದ ಹುಡುಗಿ ಅವಳು. ಆ ಸಂಗತಿ ಸಂಘಮಿತ್ರಾ ಕಂಪನಿಯವರಿಗೆ ಮುಚ್ಚಿಡದೆ ಮೊದಲೇ ಹೇಳಿದ್ದಳು. ವಿನೋದ್ ಟಿವಿ ನೋಡಿದರು, ಆಶಾಳನ್ನು ನೋಡಿದರು. ಆಶಾ ಆಗಲೇ ಡಬ್ಬಿಗೆ ಕೈಚಾಚಿದ್ದಳು.

"ತಗೊಳ್ತೀವಮ್ಮ" ಎಂದರು ಸಾಹೇಬರು. "ನೀನು ಇಲ್ಲಿಂದಲೇ ನೋಡಿಕೊಳ್ಳಬೇಕು. ಆಶಾ, ಆಮೇಲೆ ಹತ್ತೋಣ, ಮೊದಲು ಕೆಲಸ."

"ಒಂದೇ ಜೀಕು ಸರ್" ಎಂದು ಅವಳು ಹಾಕಿಕೊಂಡೇಬಿಟ್ಟಳು.

ಸಂಘಮಿತ್ರಾ ನನ್ನನ್ನು ತಬ್ಬಿ ಗಿರಗಿರನೆ ತಿರುಗಿಸಿದಳು. ನನಗೆ ತಲೆ ಸುತ್ತಿತು, ಅವಳಿಗೆ ಸುತ್ತಲಿಲ್ಲ! ಅಜ್ಜಮ್ಮ ತಮ್ಮ ಡಬ್ಬಿ ಬಿಟ್ಟುಕೊಡಲು ಒಪ್ಪದೆ, "ನಂದು ಪಾಳಿ ಇನ್ನೂ ಮುಗಿದಿಲ್ಲ" ಎಂದು ಪಡಸಾಲೆಯ ಮಂದಿಯ ಮೇಲೆಲ್ಲ ಜಗಳಕ್ಕೆ ನಿಂತರು.

ಪರಮೇಶ ಹೊರಗೆ ಹೋಗಿ ಫೋನ್ ಮಾಡಿದ. ಸೊಸೈಟಿಯ ಸೆಕ್ರೆಟರಿಗೆ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ಇಲ್ಲ ರೀ, ನಮ್ ಹುಡುಗಿ ಬರಲ್ಲ. ಅವಳಿಗೆ ಇಲ್ಲೇ ಕೆಲಸ ಆತು." ಆ ಕಡೆಯವರು ಏನು ಕೆಲಸವೆಂದು ಕೇಳಿರಬೇಕು. ಪರಮೇಶ ತಲೆ ಕೆರೆದುಕೊಂಡ. ಆಮೇಲೆ, ಕಂಬದ ಮೇಲಿಂದ ಕರೆಂಟ್ ಬಂತು ಎಂದು ಕೂಗುವಾಗಿನ ಅದೇ ಗಟ್ಟಿ ದನಿಯಲ್ಲಿ ಹೇಳಿದ:

"ಜೋಕಾಲಿ ಕಟ್ಟೋದು ರೀ. ಹೂಂ ರೀ, ಜೋಕಾಲಿ! ನೀವೂ ಒಂದ್ಸಲ ಬರ್ರಿ, ಆದ್ರೆ ಹತ್ತಾಕ ಮುಂಚೆ ಕೇಳಬೇಕು ನೋಡ್ರಿ."